ಬಾತುಕೋಳಿಗೊಂದು ಮನೆ ಬೇಕಿತ್ತು

ಬಾಡಿಗೆ ಮನೆಗೆ ಅಲೆದವರಿಗೆ ಈ ಕಥೆ ತಕ್ಷಣ ಅರ್ಥ ಆಗುತ್ತೆ. ಗಂಡ-ಹೆಂಡತಿ ಬಾತುಕೋಳಿಗಳು. ಮರಿ ಮಾಡೋಕೆ ಜಾಗ ಬೇಕು. ಗಂಡ ತೋರಿಸಿದ್ದು ಯಾವುದೂ ಹೆಂಡತಿಗೆ ಒಪ್ಪಿಗೆಯಿಲ್ಲ: ಕಾಡಲ್ಲಿ ನರಿ ಇದ್ರೆ? ನೀರಲ್ಲಿ ಆಮೆ ಇದ್ರೆ? ಕೊನೆಗೆ ಚಾರ್ಲ್ಸ್ ನದಿಯ ನಡುಗಡ್ಡೆಯಲ್ಲಿ ಎಂಟು ಮರಿ. ಅವನ್ನು ಬಾಸ್ಟನ್‌ನ ಪಬ್ಲಿಕ್ ಗಾರ್ಡನ್‌ಗೆ ದಾಟಿಸೋಕೆ ಪೊಲೀಸಪ್ಪ ಟ್ರಾಫಿಕ್ಕನ್ನೇ ನಿಲ್ಲಿಸ್ತಾನೆ.

ಇದು ರಾಬರ್ಟ್ ಮೆಕ್‌ಕ್ಲೋಸ್ಕಿ ಬರೆದು, ಚಿತ್ರವನ್ನೂ ಬಿಡಿಸಿದ ‘ಮೇಕ್ ವೇ ಫಾರ್ ಡಕ್ಲಿಂಗ್ಸ್’. ಪ್ರಕಟವಾಗಿದ್ದು 1941ರಲ್ಲಿ. ಮರುವರ್ಷವೇ ಕ್ಯಾಲ್ಡೆಕಾಟ್ ಪ್ರಶಸ್ತಿ.

ಚಿತ್ರ ಸರಿಯಾಗಿ ಬರಲಿ ಅಂತ ಈ ಮನುಷ್ಯ ಏನು ಮಾಡಿದ ಗೊತ್ತಾ? ಬಾತುಕೋಳಿಗಳನ್ನು ಕೊಂಡು ತನ್ನ ನ್ಯೂಯಾರ್ಕ್ ಅಪಾರ್ಟ್‌ಮೆಂಟಿಗೇ ತಂದ! ಅವು ಸ್ನಾನದ ತೊಟ್ಟಿಯಲ್ಲಿ ಈಜುತ್ತಿದ್ದವು. ಇವನು ನೆಲದ ಮೇಲೆ ಅಂಬೆಗಾಲಿಟ್ಟು, ಸ್ಕೆಚ್‌ಬುಕ್ ಹಿಡಿದು ಹಿಂದೆ ಹಿಂದೆ. ಒಂದು ಕ್ಷಣವೂ ನಿಲ್ಲಲ್ಲ ಅಂತ ಸ್ವಲ್ಪ ರೆಡ್ ವೈನ್ ಕುಡಿಸಿದನಂತೆ. ಆ ರೂಮ್‌ಮೇಟ್ ಪಾಡು ಯಾರಿಗೂ ಬೇಡ.

1987ರಲ್ಲಿ ನ್ಯಾನ್ಸಿ ಶಾನ್ ಮಾಡಿದ ಕಂಚಿನ ಬಾತುಕೋಳಿಗಳು ಅದೇ ಪಬ್ಲಿಕ್ ಗಾರ್ಡನ್‌ನಲ್ಲಿ ಸಾಲಾಗಿ ನಿಂತವು. ಅವುಗಳ ಪ್ರತಿಯನ್ನು 1991ರಲ್ಲಿ ಬಾರ್ಬರಾ ಬುಷ್ ಅವರು ರೈಸಾ ಗೋರ್ಬಚೇವ್ ಮೂಲಕ ಸೋವಿಯತ್ ಮಕ್ಕಳಿಗೆ ಉಡುಗೊರೆ ಕೊಟ್ಟರು. ಶೀತಲ ಸಮರ ಮುಗಿಯುತ್ತಿದ್ದ ಹೊತ್ತು. ಆ ವರ್ಷ ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ.

ಮಾಸ್ಕೋದಲ್ಲಿ ಬಾತುಕೋಳಿಗಳನ್ನೂ ಕಳ್ಳರು ಬಿಡಲಿಲ್ಲ, ಕೆಲವನ್ನು ಕಿತ್ತೊಯ್ದರು. 2000ರಲ್ಲಿ ಹೊಸದಾಗಿ ಎರಕ ಹೊಯ್ದು, ಮತ್ತೆ ಅದೇ ಜಾಗದಲ್ಲಿ ತಾಯಿಯ ಹಿಂದೆ ಸಾಲಾಗಿ ನಿಲ್ಲಿಸಲಾಯಿತು.