ಜಾನ್ ಪೀಲ್: ಹಳೆಯ ತಟ್ಟೆಗಳ ಒಡೆಯ, ಹೊಸ ಹಾಡುಗಳ ದಾಸ

ಇಂಗ್ಲೆಂಡಿನ ಸಫೊಕ್ ಪ್ರಾಂತದಲ್ಲಿ ಗ್ರೇಟ್ ಫಿನ್‌ಬರೊ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಚರ್ಚಿನ ಆವರಣದಲ್ಲಿರುವ ಸಮಾಧಿಯೊಂದರ ಕಲ್ಲಿನ ಮೇಲೆ ಹಾಡಿನ ಸಾಲೊಂದನ್ನು ಕೆತ್ತಲಾಗಿದೆ. ಅದು ಪ್ರಾರ್ಥನಾ ಗೀತೆಯ ಸಾಲಲ್ಲ. ಉತ್ತರ ಐರ್ಲೆಂಡಿನ ಐವರು ಹುಡುಗರು 1978ರಲ್ಲಿ ಧ್ವನಿಮುದ್ರಿಸಿದ, ಎರಡೂವರೆ ನಿಮಿಷದ ಪಂಕ್ ಗೀತೆಯೊಂದರ ಸಾಲು. ಅಲ್ಲಿ ಮಲಗಿರುವವರು ಜಾನ್ ಪೀಲ್ (1939-2004). ಬಿಬಿಸಿಯ 'ರೇಡಿಯೊ 1' ವಾಹಿನಿ ಆರಂಭವಾದ 1967ರಿಂದ ತಮ್ಮ ಮರಣದವರೆಗೆ, 37 ವರ್ಷಗಳ ಕಾಲ ಅಲ್ಲಿ ಹಾಡು ಕೇಳಿಸಿದ ನಿರೂಪಕರು. ಬ್ರಿಟನ್ನಿನ ಧ್ವನಿಮುದ್ರಿಕೆ ಸಂಗ್ರಾಹಕರಲ್ಲಿ ಅವರಷ್ಟು ಪ್ರಸಿದ್ಧರಾದವರು ವಿರಳ.

ಅವರ ನಿಜನಾಮ ಜಾನ್ ರಾಬರ್ಟ್ ಪಾರ್ಕರ್ ರೇವನ್ಸ್‌ಕ್ರಾಫ್ಟ್. ಲಿವರ್‌ಪೂಲ್ ಬಳಿಯ ಹೆಸ್ವಾಲ್‌ನಲ್ಲಿ ಜನನ. ತಂದೆ ಹತ್ತಿಯ ವ್ಯಾಪಾರಿ. ಕಡ್ಡಾಯ ಸೈನಿಕ ಸೇವೆ ಮುಗಿಸಿ 1960ರಲ್ಲಿ ಅಮೆರಿಕಕ್ಕೆ ತೆರಳಿದ ಯುವಕ, ಅಲ್ಲಿನ ಬಾನುಲಿ ಕೇಂದ್ರಗಳಲ್ಲಿ ಕೆಲಸ ಕಲಿತರು. 1967ರಲ್ಲಿ ಮರಳಿ ಬಂದು, ಸಮುದ್ರದಲ್ಲಿ ನಿಂತ ಹಡಗಿನಿಂದ ಪರವಾನಗಿಯಿಲ್ಲದೆ ಪ್ರಸಾರ ಮಾಡುತ್ತಿದ್ದ 'ರೇಡಿಯೊ ಲಂಡನ್' ಸೇರಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಆ ಕೇಂದ್ರ ಮುಚ್ಚಿತು. ಸೆಪ್ಟೆಂಬರ್ ಕೊನೆಗೆ 'ರೇಡಿಯೊ 1' ಹುಟ್ಟಿತು.

1976ರ ತಿರುವು

ಎಪ್ಪತ್ತರ ದಶಕದ ಮಧ್ಯಭಾಗದ ರಾಕ್ ಸಂಗೀತ ದೀರ್ಘವೂ ಆಡಂಬರದ್ದೂ ಆಗಿತ್ತು. ಪೀಲ್ ಅವರೂ ಅದರ ಪೋಷಕರೇ. ಮೈಕ್ ಓಲ್ಡ್‌ಫೀಲ್ಡ್ ಅವರ 'ಟ್ಯೂಬುಲರ್ ಬೆಲ್ಸ್' ಆಲ್ಬಂ ಹೊರಬಂದ 1973ರಲ್ಲಿ ಅದನ್ನು ಪೂರ್ತಿಯಾಗಿ ಪ್ರಸಾರ ಮಾಡಿದವರು ಇವರು. ಕೇಳುಗರು ತಮ್ಮವರೇ ಎಂದು ನಂಬಿದ್ದ ಈ ನಿರೂಪಕ 1976ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ 'ರಮೋನ್ಸ್' ತಂಡದ ಮೊದಲ ಆಲ್ಬಮ್ಮಿನ ಹಾಡುಗಳನ್ನು ಒಂದರ ಹಿಂದೊಂದು ಕೇಳಿಸಿದರು. ಹದಿನಾಲ್ಕು ಹಾಡು, ಒಟ್ಟು ಅವಧಿ ಸುಮಾರು 29 ನಿಮಿಷ! ಮೂರ್ನಾಲ್ಕು ಸ್ವರಮೇಳ, ಮಿಂಚಿನ ವೇಗ, ಒಂದಿಷ್ಟೂ ಅಲಂಕಾರವಿಲ್ಲ.

ಮತ್ತೆಂದೂ ಇಂಥದ್ದನ್ನು ಹಾಕಕೂಡದೆಂದು ಕೇಳುಗರ ಪತ್ರಗಳು ಬಂದವು. ಪತ್ರ ಬಂದಷ್ಟೂ ಪೀಲ್ ಪಂಕ್ ಗೀತೆಗಳನ್ನು ಹೆಚ್ಚಿಸಿದರು. ಆಗ ಅವರಿಗೆ 36 ವರ್ಷ; ನೆಲೆಯೂರಿದ ಉದ್ಯೋಗಿ ತನ್ನ ಶ್ರೋತೃವರ್ಗವನ್ನೇ ಪಣಕ್ಕಿಡುವ ವಯಸ್ಸಲ್ಲ. ಹಳೆಯ ಕೇಳುಗರು ಹೋದರು, ಹದಿಹರೆಯದವರು ಬಂದರು. ವರ್ಷಾಂತ್ಯದಲ್ಲಿ ಶ್ರೋತೃಗಳ ಮತದಿಂದ ಸಿದ್ಧವಾಗುತ್ತಿದ್ದ 'ಫೆಸ್ಟಿವ್ ಫಿಫ್ಟಿ' ಎಂಬ ಐವತ್ತು ಹಾಡುಗಳ ಪಟ್ಟಿ ಇದಕ್ಕೆ ಸಾಕ್ಷಿ. 1976ರ ಮೊದಲ ಪಟ್ಟಿಯಲ್ಲಿ ಅಗ್ರಸ್ಥಾನ ಲೆಡ್ ಜೆಪ್ಲಿನ್ ತಂಡದ ಎಂಟು ನಿಮಿಷದ ಗೀತೆಗೆ. 1978ರಲ್ಲಿ ಅದೇ ಸ್ಥಾನ 'ಸೆಕ್ಸ್ ಪಿಸ್ಟಲ್ಸ್' ತಂಡದ ಚೊಚ್ಚಲ ಗೀತೆಗೆ.

ಸಮಾಧಿಯ ಮೇಲಿನ ಸಾಲು 'ಟೀನೇಜ್ ಕಿಕ್ಸ್' ಎಂಬ ಗೀತೆಯದು. ಡೆರಿ ಪಟ್ಟಣದ 'ಅಂಡರ್‌ಟೋನ್ಸ್' ತಂಡ ಅದನ್ನು ಬೆಲ್‌ಫಾಸ್ಟ್‌ನ ಧ್ವನಿಮುದ್ರಿಕೆ ಅಂಗಡಿಯೊಂದರ ಮಾಲೀಕ ನಡೆಸುತ್ತಿದ್ದ 'ಗುಡ್ ವೈಬ್ರೇಷನ್ಸ್' ಎಂಬ ಸಣ್ಣ ಸಂಸ್ಥೆಯಿಂದ ಹೊರತಂದಿತ್ತು. 1978ರ ಸೆಪ್ಟೆಂಬರ್‌ನಲ್ಲಿ ಪೀಲ್ ಅದನ್ನು ಒಮ್ಮೆ ಕೇಳಿಸಿ, ಮುಗಿದೊಡನೆ ಸೂಜಿಯನ್ನು ಹಿಂದಕ್ಕಿಟ್ಟು ಮತ್ತೊಮ್ಮೆ ಕೇಳಿಸಿದರು. ಅದನ್ನು ಕೇಳಿಸಿಕೊಂಡ ಅಮೆರಿಕದ ಸೈರ್ ಸಂಸ್ಥೆಯ ಸೀಮೂರ್ ಸ್ಟೈನ್ ಕೂಡಲೇ ತಂಡದೊಡನೆ ಒಪ್ಪಂದಕ್ಕೆ ಮುಂದಾದರು. ತಮ್ಮ ತಟ್ಟೆಗಳಿಗೆ ಪೀಲ್ ನಕ್ಷತ್ರಗಳ ಗುರುತು ಹಾಕುವುದಿತ್ತು. ಇದಕ್ಕೆ ಮಾತ್ರ 28 ನಕ್ಷತ್ರ ಕೊಟ್ಟರೆಂಬುದು ಅಭಿಮಾನಿಗಳ ನಡುವೆ ಜನಜನಿತ.

ತಟ್ಟೆಯ ಗಣಿತ

ಇಲ್ಲಿ ತಟ್ಟೆಗಳ ಬಗ್ಗೆ ಎರಡು ಮಾತು ಅಗತ್ಯ. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಗಳು ತಯಾರಾಗುತ್ತಿದ್ದುದು ಅರಗಿನ ಮಿಶ್ರಣದಿಂದ. ಆ ಅರಗಿನ ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ತಟ್ಟೆಯನ್ನು ತಂದಿತು. ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿದ ಸಂಗೀತ ಹಿಡಿಸುವ ಈ 'ಎಲ್‌ಪಿ'ಯೇ ಆಲ್ಬಮ್ಮಿನ ಮನೆಯಾಯಿತು. ಮರುವರ್ಷ ಆರ್‌ಸಿಎ ವಿಕ್ಟರ್ ಸಂಸ್ಥೆ ಏಳು ಇಂಚಿನ, 45 ಸುತ್ತಿನ 'ಸಿಂಗಲ್' ತಂದಿತು.

ಪಂಕ್ ಆತುಕೊಂಡದ್ದು ಈ ಪುಟ್ಟ ತಟ್ಟೆಯನ್ನು, ಏಕೆಂದರೆ ಅದು ಅಗ್ಗ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ 'ಬಜ್‌ಕಾಕ್ಸ್' ತಂಡ ಸುಮಾರು 500 ಪೌಂಡ್ ಸಾಲ ಮಾಡಿ, ಸ್ವಂತ ಲೇಬಲ್ಲಿನಲ್ಲಿ ಸಾವಿರ ಪ್ರತಿ ಒತ್ತಿಸಿತು. ದೊಡ್ಡ ಕಂಪನಿಯ ಬಾಗಿಲು ಕಾಯಬೇಕಿಲ್ಲ ಎಂಬುದು ಊರೂರಿನ ಹುಡುಗರಿಗೆ ತಿಳಿಯಿತು. ಆದರೆ ಸಾವಿರ ಪ್ರತಿ ಒತ್ತಿಸಿದವನ ಹಾಡು ದೇಶಕ್ಕೆ ಕೇಳಿಸುವುದು ಹೇಗೆ? ಅಂಥವರು ಒಂದು ಪ್ರತಿಯನ್ನು ಪೀಲ್ ಅವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅವರು ಅದನ್ನು ಕೇಳುತ್ತಿದ್ದರು, ಕೆಲವೊಮ್ಮೆ ತಪ್ಪು ವೇಗದಲ್ಲಿ ಪ್ರಸಾರವನ್ನೂ ಮಾಡುತ್ತಿದ್ದರು! 45ರ ತಟ್ಟೆಯನ್ನು 33ರಲ್ಲಿ ತಿರುಗಿಸಿ ಕ್ಷಮೆ ಕೇಳುವುದು ಆ ಕಾರ್ಯಕ್ರಮದ ನಿತ್ಯವಿಧಿಯಂತಾಗಿತ್ತು.

ತಟ್ಟೆಯೇ ಇಲ್ಲದವರಿಗೂ ದಾರಿಯಿತ್ತು. ವಾದ್ಯಗಾರರ ಸಂಘದೊಡನೆ ಇದ್ದ ಒಪ್ಪಂದದಂತೆ, ಮಾರಾಟದ ಧ್ವನಿಮುದ್ರಿಕೆಗಳನ್ನು ಬಿಬಿಸಿ ದಿನಕ್ಕೆ ಇಂತಿಷ್ಟೇ ಗಂಟೆ ಬಳಸಬಹುದಿತ್ತು. ಉಳಿದ ವೇಳೆಗೆಂದು ತಂಡಗಳನ್ನು ಲಂಡನ್ನಿನ ಮೈಡಾ ವೇಲ್‌ನಂತಹ ಬಿಬಿಸಿ ಸ್ಟುಡಿಯೊಗಳಿಗೆ ಕರೆಸಿ, ಸಾಮಾನ್ಯವಾಗಿ ಒಂದೇ ದಿನದಲ್ಲಿ ನಾಲ್ಕು ಹಾಡು ಧ್ವನಿಮುದ್ರಿಸಲಾಗುತ್ತಿತ್ತು. ನಿರ್ಬಂಧದಿಂದ ಹುಟ್ಟಿದ ಈ 'ಪೀಲ್ ಸೆಷನ್'ಗಳ ಸಂಖ್ಯೆ ನಾಲ್ಕು ಸಾವಿರ ದಾಟಿತು. ಪಾಲ್ಗೊಂಡ ಕಲಾವಿದರು ಮತ್ತು ತಂಡಗಳು ಎರಡು ಸಾವಿರಕ್ಕೂ ಹೆಚ್ಚು. 'ಸೂಕ್ಸಿ ಅಂಡ್ ದ ಬ್ಯಾನ್‌ಶೀಸ್' ತಂಡಕ್ಕೆ ಕಂಪನಿಯೊಂದರ ಒಪ್ಪಂದ ಸಿಗುವ ಮುನ್ನವೇ ಈ ಅವಕಾಶ ಸಿಕ್ಕಿತ್ತು. ಪೀಲ್ ಅವರ ಅಚ್ಚುಮೆಚ್ಚಿನ 'ದ ಫಾಲ್' ತಂಡ 24 ಬಾರಿ ಬಂದಿತು.

ಕಪಾಟು, ಕಾರ್ಡು, ಪೆಟ್ಟಿಗೆ

ಸಫೊಕ್‌ನ ಅವರ ಮನೆಯಲ್ಲಿ ಕೊನೆಗೆ ಉಳಿದದ್ದು ಸುಮಾರು 26,000 ಎಲ್‌ಪಿ, 40,000 ಸಿಂಗಲ್ ಮತ್ತು 40,000 ಸಿಡಿ. ಎಲ್‌ಪಿ ಒಂದಕ್ಕೆ 40 ನಿಮಿಷವೆಂದು ಹಿಡಿದರೂ, ದಿನಕ್ಕೆ ನಾಲ್ಕು ಗಂಟೆಯಂತೆ ಅಷ್ಟನ್ನು ಒಮ್ಮೆ ಕೇಳಿ ಮುಗಿಸಲು ಸುಮಾರು 12 ವರ್ಷ ಬೇಕು. ಇದನ್ನು ಪ್ರೀತಿ ಎನ್ನಬೇಕೋ ಗೀಳು ಎನ್ನಬೇಕೋ ಹೇಳುವುದು ಕಷ್ಟ. ಅವ್ಯವಸ್ಥೆಯಂತೂ ಅಲ್ಲ. ಎಲ್‌ಪಿಗಳಿಗೆ ಕ್ರಮಸಂಖ್ಯೆ ಕೊಟ್ಟು, ಒಂದೊಂದಕ್ಕೂ ಟೈಪು ಮಾಡಿದ ಸೂಚಿ ಕಾರ್ಡ್ ಇಟ್ಟಿದ್ದರು, ಗ್ರಂಥಾಲಯದಲ್ಲಿ ಇರುವ ಹಾಗೆ.

ಹಳೆಯದನ್ನು ಇಷ್ಟು ಜೋಪಾನವಾಗಿಟ್ಟ ಮನುಷ್ಯ ಕಾರ್ಯಕ್ರಮದಲ್ಲಿ ಮಾತ್ರ ಹಳೆಯದಕ್ಕೆ ಜೋತುಬೀಳಲಿಲ್ಲ ಎಂಬುದೇ ಗಮನಾರ್ಹ. ಪಂಕ್ ತಣ್ಣಗಾದ ಮೇಲೆ ರೆಗೆ, ಹಿಪ್‌ಹಾಪ್, ಆಫ್ರಿಕದ ಗಿಟಾರ್ ಸಂಗೀತ, ಟೆಕ್ನೊ ಎಲ್ಲಕ್ಕೂ ಅಲ್ಲಿ ಎಡೆಯಿತ್ತು. ಪಂಕ್ ಅಭಿಮಾನಿಗಳು ಗೊಣಗಿದರು. 1976ರ ಪತ್ರಗಳೇ ಬೇರೆ ಕೈಬರಹದಲ್ಲಿ ಮರಳಿ ಬಂದಂತೆ. ಸಿಡಿಯಲ್ಲಿ ಕರಕರ ಸದ್ದಿಲ್ಲವೆಂದು ಹೊಗಳಿದವರಿಗೆ, ಬದುಕಿನಲ್ಲೂ ಕರಕರ ಸದ್ದಿದೆಯಲ್ಲ ಎಂಬರ್ಥದ ಉತ್ತರ ಕೊಟ್ಟರೆಂಬ ಮಾತು ವಿನೈಲ್ ಪ್ರಿಯರಲ್ಲಿ ಇಂದಿಗೂ ಪ್ರಚಲಿತ.

ಈ ಕಥೆಗೆ ಒಂದು ಭಾರತೀಯ ಎಳೆಯೂ ಇದೆ. ಪಂಜಾಬಿ ಮೂಲದ ತಜಿಂದರ್ ಸಿಂಗ್ ಮುನ್ನಡೆಸಿದ ಬ್ರಿಟನ್ನಿನ 'ಕಾರ್ನರ್‌ಶಾಪ್' ತಂಡ ತನ್ನ 1993ರ ಚೊಚ್ಚಲ ತಟ್ಟೆಯನ್ನು ಸಾರಿನ ಬಣ್ಣದ ವಿನೈಲ್‌ನಲ್ಲಿ ಒತ್ತಿಸಿತ್ತು. ಆಶಾ ಭೋಸ್ಲೆಯವರನ್ನೂ 45 ಸುತ್ತಿನ ತಟ್ಟೆಗಳನ್ನೂ ನೆನೆಯುವ ಆ ತಂಡದ 'ಬ್ರಿಮ್‌ಫುಲ್ ಆಫ್ ಆಶಾ' 1997ರ 'ಫೆಸ್ಟಿವ್ ಫಿಫ್ಟಿ'ಯಲ್ಲಿ ಮೊದಲ ಸ್ಥಾನ ಪಡೆಯಿತು. ಅದರ ಮರುಮಿಶ್ರಣ ಬ್ರಿಟನ್ನಿನ ಮಾರಾಟ ಪಟ್ಟಿಯ ತುದಿಗೇರಿದ್ದು 1998ರ ಫೆಬ್ರವರಿಯಲ್ಲಿ.

ಪೀಲ್ 2004ರ ಅಕ್ಟೋಬರ್ 25ರಂದು ಪೆರು ದೇಶದ ಕುಸ್ಕೊ ನಗರದಲ್ಲಿ ಹೃದಯಾಘಾತದಿಂದ ನಿಧನರಾದರು, ವಯಸ್ಸು 65. ಅರ್ಧದಲ್ಲಿ ನಿಂತಿದ್ದ ಆತ್ಮಕಥೆಯನ್ನು ಪತ್ನಿ ಶೀಲಾ ಪೂರ್ಣಗೊಳಿಸಿದರು. ಸಂಗ್ರಹದ ಎಲ್‌ಪಿಗಳ ಒಂದು ಭಾಗ, ಅಕ್ಷರಕ್ಕೆ ನೂರರಂತೆ, ಕಾರ್ಡುಗಳ ಸಮೇತ 2012ರಲ್ಲಿ ಅಂತರ್ಜಾಲದಲ್ಲಿ ಪ್ರಕಟವಾಯಿತು. 2022ರ ಜೂನ್‌ನಲ್ಲಿ ಕೆಲವು ಅಪರೂಪದ ತಟ್ಟೆಗಳು ಮತ್ತು ಪತ್ರಗಳು ಲಂಡನ್ನಿನಲ್ಲಿ ಹರಾಜಾದವು. ಅದೇ ವರ್ಷ ಅಮೆರಿಕದಲ್ಲಿ, 1987ರ ನಂತರ ಮೊದಲ ಬಾರಿಗೆ, ವಿನೈಲ್ ತಟ್ಟೆಗಳು ಸಿಡಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು.

ಅಷ್ಟೆಲ್ಲ ತಟ್ಟೆಗಳ ನಡುವೆ ಪೀಲ್ ಒಂದು ಮರದ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಇಟ್ಟಿದ್ದರು. ಅದರಲ್ಲಿ 140ಕ್ಕೂ ಹೆಚ್ಚು ಸಿಂಗಲ್‌ಗಳಿದ್ದವು. 2005ರಲ್ಲಿ ಅದರ ಮೇಲೊಂದು ಸಾಕ್ಷ್ಯಚಿತ್ರವೂ ಬಂದಿತು. ಪೆಟ್ಟಿಗೆಯಲ್ಲಿ ಹಳೆಯ ಹಾಡುಗಳ ಜೊತೆಗೆ ಅಮೆರಿಕದ 'ವೈಟ್ ಸ್ಟ್ರೈಪ್ಸ್' ಜೋಡಿಯ ಹಲವು ತಟ್ಟೆಗಳಿದ್ದವು. ಆ ಜೋಡಿಯ ಗಾಯಕ ಜಾಕ್ ವೈಟ್ ಹುಟ್ಟಿದ್ದು 1975ರ ಜುಲೈನಲ್ಲಿ. ಪೀಲ್ ಮೊದಲ ಬಾರಿಗೆ ರಮೋನ್ಸ್ ಹಾಡು ಕೇಳಿಸಿದ ರಾತ್ರಿ ಆ ಮಗುವಿಗೆ ವರ್ಷವೂ ತುಂಬಿರಲಿಲ್ಲ.