ರೋಮ್ ಯಾತ್ರಿಕರಿಗೆ ಊಟದ ಮಾಹಿತಿ: ಬಡವರ ಅಡುಗೆ ಸಿಗುವ ಬೀದಿಗಳು

ರೋಮ್ ಯಾತ್ರೆಗೆ ಹೊರಡುವ ನಮ್ಮ ಕರಾವಳಿಯವರು ಪಾಸ್‌ಪೋರ್ಟ್, ವೀಸಾ, ನೋಡಬೇಕಾದ ಮಹಾದೇವಾಲಯಗಳ ಪಟ್ಟಿ ಎಲ್ಲವನ್ನೂ ಮೊದಲೇ ಸಿದ್ಧಮಾಡಿಕೊಳ್ಳುತ್ತಾರೆ. ಆದರೆ ಊಟ ಎಲ್ಲಿ, ಏನು ಎಂಬುದನ್ನು ಯೋಚಿಸುವವರು ಕಡಿಮೆ. ಸಂತ ಪೇತ್ರರ ಮಹಾದೇವಾಲಯದಿಂದ ದಣಿದು ಹೊರಬಂದವರು ಎದುರಿಗೆ ಕಂಡ ಹೋಟೆಲಿನಲ್ಲಿ, ನಾಲ್ಕು ಭಾಷೆಯ ಚಿತ್ರಪಟ ನೋಡಿ, ಬಿಸಿಮಾಡಿ ಕೊಟ್ಟ ಪಾಸ್ತಾ ತಿಂದು ದೊಡ್ಡ ಬಿಲ್ಲು ಕೊಟ್ಟು ಬರುತ್ತಾರೆ. ರಾತ್ರಿ ಕೋಣೆಯಲ್ಲಿ ಊರಿನಿಂದ ತಂದ ಉಪ್ಪಿನಕಾಯಿ ಬಿಚ್ಚುತ್ತಾರೆ. ಮರಳಿ ಬಂದ ಮೇಲೆ "ಅಲ್ಲಿ ತಿನ್ನಲಿಕ್ಕೆ ಏನೂ ಇಲ್ಲ ಫಾದರ್" ಎನ್ನುತ್ತಾರೆ. ಮೊದಲ ಸಲ ಹೋದಾಗ ನಾವೂ ಹೀಗೆಯೇ ಮಾಡಿದ್ದೆವು. ಆದ್ದರಿಂದ ಯಾರನ್ನೂ ದೂರುವುದಿಲ್ಲ.

ರೋಮಿನ ಸಾಂಪ್ರದಾಯಿಕ ಅಡುಗೆ ಅರಮನೆಯ ಅಡುಗೆಯಲ್ಲ. ಅದು ಕುರಿಗಾಹಿಗಳು, ಕಸಾಯಿಖಾನೆಯ ಕೂಲಿಗಳು, ಗೋಡೆಯೊಳಗೆ ಬಂಧಿಗಳಾಗಿದ್ದ ಯೆಹೂದ್ಯರು ಹಾಗೂ ಶುಕ್ರವಾರ ಮಾಂಸ ಬಿಟ್ಟ ಸಾಮಾನ್ಯ ಕುಟುಂಬಗಳು ಇದ್ದುದರಲ್ಲೇ ಮಾಡಿಕೊಂಡ ಅಡುಗೆ. ಆ ಜನ ಬದುಕಿದ ಬೀದಿಗಳಲ್ಲಿ ಅದು ಇಂದಿಗೂ ಸಿಗುತ್ತದೆ. ಆ ಬೀದಿಗಳ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ವಾರದ ಲೆಕ್ಕ

ಗುರುವಾರ ಞೋಕ್ಕಿ, ಶುಕ್ರವಾರ ಮೀನು, ಶನಿವಾರ ತ್ರಿಪ್ಪಾ ಎಂಬುದು ರೋಮಿನ ಹಳೆಯ ಮಾತು. ಞೋಕ್ಕಿ ಎಂದರೆ ಬಟಾಟೆ ಮತ್ತು ಹಿಟ್ಟು ಕಲಸಿ ಮಾಡಿದ ಸಣ್ಣ ಉಂಡೆಗಳು. ಮರುದಿನ ಮಾಂಸತ್ಯಾಗವಿದ್ದುದರಿಂದ ಗುರುವಾರ ಹೊಟ್ಟೆ ತುಂಬುವ ತಿನಿಸು. ಶುಕ್ರವಾರ ಬಕ್ಕಲಾ, ಅಂದರೆ ಉಪ್ಪು ಹಾಕಿದ ಕಾಡ್ ಮೀನು, ಅಥವಾ ಕಡಲೆಕಾಳು ಹಾಕಿದ ಪಾಸ್ತಾ. ಭಾನುವಾರದ ಮಾಂಸಕ್ಕಾಗಿ ಶನಿವಾರ ಪ್ರಾಣಿ ಕಡಿಯುತ್ತಿದ್ದುದರಿಂದ ಅಂದು ಬೋಟಿಯ ಅಡುಗೆ, ಅದೇ ತ್ರಿಪ್ಪಾ. ಹಳೆಯ ಊಟದ ಮನೆಗಳ ಹಲಗೆಯ ಮೇಲೆ ಈ ಕ್ರಮ ಇಂದಿಗೂ ಕಾಣಸಿಗುತ್ತದೆ. ಧರ್ಮಸಭೆಯ ಉಪವಾಸದ ದಿನಗಳು ಒಂದು ನಗರದ ಅಡುಗೆಮನೆಯ ಪಂಚಾಂಗವೇ ಆಗಿಹೋದವು ಎಂಬುದು ಗಮನಾರ್ಹ.

ನಾಲ್ಕು ಪಾಸ್ತಾಗಳು

ರೋಮಿನಲ್ಲಿ ನಾಲ್ಕು ಪಾಸ್ತಾಗಳ ಹೆಸರು ತಿಳಿದಿದ್ದರೆ ಸಾಕು. ಇವುಗಳಲ್ಲಿ ಒಂದಕ್ಕೊಂದು ನಂಟಿದೆ.

1. ಕಾಚೊ ಎ ಪೇಪೆ: ಪೆಕೊರಿನೊ ರೊಮಾನೊ ಎಂಬ ಕುರಿಹಾಲಿನ ಗಟ್ಟಿ ಚೀಸ್ ಮತ್ತು ಕಾಳುಮೆಣಸು. ಇಷ್ಟೇ. ಕುರಿಗಾಹಿಗಳು ಜೊತೆಯಲ್ಲಿ ಒಯ್ಯಬಹುದಾಗಿದ್ದ, ಬೇಗ ಕೆಡದ ಸಾಮಾನುಗಳಿವು. ಮಾಂಸ ತಿನ್ನದ ದಿನವೂ ಇದು ನಡೆಯುತ್ತದೆ.

2. ಗ್ರೀಚಾ: ಮೇಲಿನದಕ್ಕೆ ಗ್ವಾಂಚಾಲೆ ಸೇರಿಸಿದ್ದು. ಗ್ವಾಂಚಾಲೆ ಎಂದರೆ ಹಂದಿಯ ಕೆನ್ನೆಯ ಭಾಗವನ್ನು ಉಪ್ಪು, ಮೆಣಸು ಸವರಿ ಒಣಗಿಸಿದ್ದು.

3. ಅಮಾತ್ರಿಚಾನಾ: ಗ್ರೀಚಾಕ್ಕೆ ಟೊಮೆಟೊ ಸೇರಿದಾಗ ಇದಾಗುತ್ತದೆ. ಇದರ ಹೆಸರು ಅಮಾತ್ರಿಚೆ ಎಂಬ ಬೆಟ್ಟದೂರಿನಿಂದ ಬಂದಿದೆ. 2016ರ ಆಗಸ್ಟ್ 24ರ ಭೂಕಂಪದಲ್ಲಿ ಈ ಊರು ನೆಲಸಮವಾಯಿತು. ಸುತ್ತಮುತ್ತಲಿನ ಊರುಗಳೂ ಸೇರಿ ಸುಮಾರು 300 ಜನ ತೀರಿಕೊಂಡರು. ಆಗ ಇಟಲಿಯ ಅನೇಕ ಊಟದ ಮನೆಗಳು ಮಾರಾಟವಾದ ಪ್ರತಿ ತಟ್ಟೆ ಅಮಾತ್ರಿಚಾನಾಕ್ಕೆ 2 ಯೂರೊದಂತೆ ಸಂತ್ರಸ್ತರಿಗೆ ಕೊಟ್ಟವು. ಒಂದು ಯೂರೊ ಮಾಲೀಕರದ್ದು, ಒಂದು ಯೂರೊ ಉಣ್ಣುವವರದ್ದು.

4. ಕಾರ್ಬೊನಾರಾ: ಗ್ರೀಚಾಕ್ಕೆ ಮೊಟ್ಟೆ ಸೇರಿಸಿದ್ದು. ಎರಡನೇ ಮಹಾಯುದ್ಧದ ನಂತರವೇ ಇದರ ಹೆಸರು ಹರಡಿತು. ಸರಿಯಾದ ಕಾರ್ಬೊನಾರಾಕ್ಕೆ ಹಾಲಿನ ಕೆನೆ ಹಾಕುವುದಿಲ್ಲ. ರೋಮಿನಲ್ಲಿ ಕೆನೆ ಹಾಕಿ ಕೊಟ್ಟರೆ ಅದು ಪ್ರವಾಸಿಗರಿಗೆಂದೇ ಮಾಡಿದ್ದು ಎಂದು ತಿಳಿಯಿರಿ.

ಟೆಸ್ಟಾಚೊ: ಕೂಲಿಯವರ ಕೇರಿ

ಮೆಟ್ರೊದ ಪಿರಮಿಡೆ ನಿಲ್ದಾಣದಲ್ಲಿ ಇಳಿದರೆ ಟೆಸ್ಟಾಚೊ ನಡೆದು ಹೋಗುವಷ್ಟು ಹತ್ತಿರ. ಹೊರಗೋಡೆಯ ಸಂತ ಪೌಲರ ಮಹಾದೇವಾಲಯಕ್ಕೆ ಹೋಗುವವರಿಗೆ ಇದು ದಾರಿಯಲ್ಲೇ ಸಿಗುತ್ತದೆ. ನಗರದ ದೊಡ್ಡ ಕಸಾಯಿಖಾನೆಯನ್ನು 1888ರಿಂದ 1891ರ ಅವಧಿಯಲ್ಲಿ ಇಲ್ಲಿ ಕಟ್ಟಲಾಯಿತು. 1975ರಲ್ಲಿ ಅದು ಮುಚ್ಚಿತು. ಮಾಂಸದ ಒಳ್ಳೆಯ ಭಾಗಗಳು ಶ್ರೀಮಂತರಿಗೆ, ಧರ್ಮಾಧಿಕಾರಿಗಳಿಗೆ, ವರ್ತಕರಿಗೆ, ಸೈನಿಕರಿಗೆ ಹೋಗುತ್ತಿದ್ದವಂತೆ. ಉಳಿದ ಬಾಲ, ಬೋಟಿ, ಕರುಳು, ನಾಲಿಗೆ ಕೂಲಿಯವರಿಗೆ. ಇದಕ್ಕೆ 'ಐದನೆಯ ಕಾಲುಭಾಗ' ಎಂದು ಹೆಸರು. ನಾಲ್ಕೇ ಕಾಲುಭಾಗಗಳಿರುವ ಪ್ರಾಣಿಯಲ್ಲಿ ಬಡವರ ಪಾಲಿಗೆ ಬಂದದ್ದು ಲೆಕ್ಕಕ್ಕೇ ಸೇರದ ಐದನೆಯದು! ಧರ್ಮಾಧಿಕಾರಿಗಳು ಯಾವ ಸಾಲಿನಲ್ಲಿದ್ದರು ಎಂಬುದನ್ನು ನಾವು ಗುರುಗಳು ಮರೆಯಬಾರದು.

ಆ ಐದನೆಯ ಪಾಲಿನಿಂದಲೇ ಕೋದಾ ಅಲ್ಲಾ ವಾಚ್ಚಿನಾರಾ ಹುಟ್ಟಿತು. ಎತ್ತಿನ ಬಾಲವನ್ನು ಟೊಮೆಟೊ ಮತ್ತು ಬಹಳಷ್ಟು ಸೆಲರಿ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ ಪದಾರ್ಥವಿದು. ಬೋಟಿಯನ್ನು ಟೊಮೆಟೊ, ಪೆಕೊರಿನೊ ಮತ್ತು ಪುದೀನದ ಜಾತಿಯ ಸೊಪ್ಪು ಹಾಕಿ ಮಾಡಿದರೆ ತ್ರಿಪ್ಪಾ ಅಲ್ಲಾ ರೊಮಾನಾ. ಹಂದಿ ಕಡಿದಾಗ ಕಾಳಿಜ್-ಆಂಕಿಟಿಯನ್ನು ಬಿಸಾಡದೆ ಹಬ್ಬದ ಊಟವನ್ನಾಗಿ ಮಾಡಿದ ನಮ್ಮ ಹಿರಿಯರ ಮಕ್ಕಳಿಗೆ ಇದು ಹೊಸದೇನೂ ಅಲ್ಲ.

ಕಸಾಯಿಖಾನೆಯ ಎದುರಿಗೇ ಇರುವ 'ಕೆಕ್ಕಿನೊ ದಾಲ್ 1887' ಈ ಅಡುಗೆಗೆ ಹೆಸರಾದ ಹಳೆಯ ಮನೆ, ಸ್ವಲ್ಪ ದುಬಾರಿ. 1936ರಿಂದ ಇರುವ 'ಫೆಲೀಚೆ' ಕಾಚೊ ಎ ಪೇಪೆಗೆ ಪ್ರಸಿದ್ಧ. 'ಫ್ಲಾವಿಯೊ ಅಲ್ ವೆಲಾವೆವೊದೆತ್ತೊ' ಎಂಬುದು ಟೆಸ್ಟಾಚೊ ಗುಡ್ಡಕ್ಕೆ ತಾಗಿಕೊಂಡಿದೆ. ಈ ಗುಡ್ಡ ಮಣ್ಣಿನದಲ್ಲ. ಪ್ರಾಚೀನ ರೋಮನ್ನರು ಎಣ್ಣೆ ತರಿಸಿದ ಮಡಕೆಗಳನ್ನು ಒಡೆದು ಪೇರಿಸಿ ಸುಮಾರು 35 ಮೀಟರ್ ಎತ್ತರವಾದದ್ದು. ಊಟದ ಮನೆಯ ಗಾಜಿನ ಮೂಲಕ ಆ ಮಡಕೆ ಚೂರುಗಳು ಕಾಣುತ್ತವೆ. ಕಡಿಮೆ ಖರ್ಚಿನಲ್ಲಿ ಮುಗಿಸಬೇಕೆಂದರೆ 2012ರಲ್ಲಿ ಹೊಸ ಕಟ್ಟಡಕ್ಕೆ ಬಂದ ಟೆಸ್ಟಾಚೊ ಮಾರುಕಟ್ಟೆಗೆ ಹೋಗಿ. ಅಲ್ಲಿನ 'ಮೋರ್ದಿ ಎ ವೈ' ಅಂಗಡಿಯಲ್ಲಿ ಬೇಯಿಸಿದ ಮಾಂಸವನ್ನು ರಸದಲ್ಲಿ ಅದ್ದಿದ ಬ್ರೆಡ್ಡಿನೊಳಗೆ ತುಂಬಿ ಕೊಡುತ್ತಾರೆ. ಮಾರುಕಟ್ಟೆ ಮಧ್ಯಾಹ್ನದವರೆಗೆ ಮಾತ್ರ.

ಯೆಹೂದ್ಯರ ಕೇರಿ

ಟೈಬರ್ ನದಿಯ ದಡದ ಈ ಕೇರಿಯಲ್ಲಿ ಉಣ್ಣುವ ಮೊದಲು ಅದರ ಚರಿತ್ರೆ ತಿಳಿದಿರಬೇಕು. 1555ರಲ್ಲಿ ಪೋಪ್ ನಾಲ್ಕನೇ ಪೌಲರ ಆಜ್ಞೆಯಂತೆ ರೋಮಿನ ಯೆಹೂದ್ಯರನ್ನು ಇಲ್ಲಿ ಗೋಡೆಯೊಳಗೆ ಕೂಡಿಹಾಕಲಾಯಿತು. 1870ರಲ್ಲಿ ಪೋಪರ ಆಡಳಿತ ಮುಗಿದ ಮೇಲಷ್ಟೇ ಅವರಿಗೆ ಸಂಪೂರ್ಣ ಬಿಡುಗಡೆ ದೊರೆಯಿತು. 1943ರ ಅಕ್ಟೋಬರ್ 16ರಂದು ನಾಜಿಗಳು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದೊಯ್ದರು. ಮರಳಿದವರು 16 ಜನ ಮಾತ್ರ. 1986ರ ಏಪ್ರಿಲ್ 13ರಂದು ಜಗದ್ಗುರು ಎರಡನೇ ಜಾನ್ ಪೌಲರು ಇಲ್ಲಿನ ಸಿನಗಾಗ್‌ಗೆ ಭೇಟಿಯಿತ್ತು, ಯೆಹೂದ್ಯರನ್ನು ನಮ್ಮ ಹಿರಿಯ ಸಹೋದರರೆಂದು ಕರೆದರು.

ಇಲ್ಲಿ ತಿನ್ನಬೇಕಾದದ್ದು ಕಾರ್ಚೋಫಿ ಅಲ್ಲಾ ಜೂದಿಯಾ. ಆರ್ಟಿಚೋಕ್ ಎಂಬ ದಪ್ಪ ಮೊಗ್ಗನ್ನು ಇಡಿಯಾಗಿ ಎರಡು ಸಲ ಎಣ್ಣೆಯಲ್ಲಿ ಕರಿಯುತ್ತಾರೆ. ಅದು ಸೇವಂತಿಗೆಯಂತೆ ಅರಳಿ, ಹೊರಗಿನ ಎಸಳು ಹಪ್ಪಳದಂತೆ ಗರಿಗರಿಯಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಹೆಚ್ಚುಕಡಿಮೆ ತಪಸ್ಸು ಕಾಲದಲ್ಲಿ, ಇದರ ಹಂಗಾಮು. ಪೋರ್ತಿಕೊ ದೊತ್ತಾವಿಯಾ ಬೀದಿಯಲ್ಲಿ 1923ರಿಂದ ಇರುವ 'ಜಿಜ್ಜೆತ್ತೊ' ಇದಕ್ಕೆ ಹೆಸರಾಗಿದೆ. ಹತ್ತಿರದ 'ಬೊಚ್ಚೊನೆ' ಬೇಕರಿಯ ಕರಿಚೆರಿ ಮತ್ತು ರಿಕೊತ್ತಾ ಚೀಸಿನ ಸಿಹಿ ರೊಟ್ಟಿಯೂ ಪ್ರಸಿದ್ಧ. ಯೆಹೂದ್ಯ ಧರ್ಮನಿಯಮ ಪಾಲಿಸುವ ಮನೆಗಳು ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಮುಚ್ಚಿರುತ್ತವೆ. ಅಲ್ಲಿ ಹಂದಿಮಾಂಸ ಸಿಗದು. ಮಾಂಸದ ಜೊತೆ ಚೀಸ್ ಕೇಳಬಾರದು.

ಅದೇ ಬೀದಿಯ ಪಾಳುಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕವಿದೆ. ಶತಮಾನಗಳ ಕಾಲ ಇಲ್ಲಿ ಮೀನು ಮಾರುಕಟ್ಟೆಯಿತ್ತು. ಆ ಫಲಕಕ್ಕಿಂತ ಉದ್ದದ ಮೀನು ಬಂದರೆ ಅದರ ತಲೆಯನ್ನು, ಮೊದಲ ರೆಕ್ಕೆಯವರೆಗೆ, ನಗರದ ಅಧಿಕಾರಿಗಳಿಗೆ ಕೊಡಬೇಕು ಎಂದು ಲ್ಯಾಟಿನಿನಲ್ಲಿ ಕೆತ್ತಲಾಗಿದೆ. ದೊಡ್ಡ ಮೀನಿನ ತಲೆಯ ರುಚಿ ಬಲ್ಲ ಕರಾವಳಿಯವರಿಗೆ ಆ ಅಧಿಕಾರಿಗಳ ಜಾಣತನ ಬೇಗ ಅರ್ಥವಾಗುತ್ತದೆ.

ಹಳೆಯ ನಗರ ಮತ್ತು ಟ್ರಾಸ್ಟೆವೆರೆ

ಕಾಂಪೊ ದೆ ಫಿಯೋರಿ ಚೌಕದ ಸಮೀಪ ಸಂತ ಬಾರ್ಬರಾ ಎಂಬ ಪುಟ್ಟ ಇಗರ್ಜಿಯ ಪಕ್ಕದಲ್ಲಿ 'ದಾರ್ ಫಿಲೆತ್ತಾರೊ' ಎಂಬ ಅಂಗಡಿಯಿದೆ. ಸಂಜೆ ಮಾತ್ರ ತೆರೆಯುತ್ತದೆ. ಉಪ್ಪು ಮೀನನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ಹಿಟ್ಟಿನಲ್ಲಿ ಅದ್ದಿ ಕರಿದುಕೊಡುವುದೇ ಇಲ್ಲಿನ ಮುಖ್ಯ ತಿನಿಸು. ಮಳೆಗಾಲಕ್ಕೆ ಒಣಮೀನು ಕೂಡಿಡುವ ನಮ್ಮವರಿಗೆ ಇಷ್ಟವಾಗದೆ ಇರದು. ಪ್ಯಾಂಥಿಯನ್ ಪಕ್ಕದಲ್ಲಿ 1961ರಿಂದ ಇರುವ 'ಅರ್ಮಾಂದೊ ಅಲ್ ಪ್ಯಾಂಥಿಯನ್' ಪ್ರವಾಸಿಗರ ನಡುವೆಯೂ ಹಳೆಯ ಅಡುಗೆ ಬಿಡದ ಮನೆ. ಬಹಳ ಮೊದಲೇ ಜಾಗ ಕಾಯ್ದಿರಿಸಬೇಕು.

ನದಿಯಾಚೆಯ ಟ್ರಾಸ್ಟೆವೆರೆಯಲ್ಲಿ ಸಂತ ಫ್ರಾನ್ಸಿಸ್ ಅ ರೀಪಾ ಬೀದಿಯ ಸುಪ್ಲಿ ಅಂಗಡಿ ಯಾತ್ರಿಕರ ಜೇಬಿಗೆ ಒಗ್ಗುತ್ತದೆ. ಸುಪ್ಲಿ ಎಂದರೆ ಟೊಮೆಟೊ ರಸದಲ್ಲಿ ಬೆಂದ ಅನ್ನದ ಉಂಡೆಯೊಳಗೆ ಚೀಸ್ ಇಟ್ಟು ಕರಿದದ್ದು. ಅನ್ನಕ್ಕಾಗಿ ಹಂಬಲಿಸುವವರಿಗೆ ಸ್ವಲ್ಪ ಸಮಾಧಾನ. ಕುಳಿತು ಉಣ್ಣಲು 'ದಾ ಎಂತ್ಸೊ ಅಲ್ 29' ಇದೆ; ಬಾಗಿಲು ತೆರೆಯುವ ಮೊದಲೇ ಸಾಲು ನಿಲ್ಲಬೇಕು.

ಮಹಾದೇವಾಲಯಗಳ ಹತ್ತಿರ

ವ್ಯಾಟಿಕನ್ ವಸ್ತುಸಂಗ್ರಹಾಲಯ ನೋಡಿದವರು ಚಿಪ್ರೊ ಮೆಟ್ರೊ ನಿಲ್ದಾಣದ ಕಡೆ ನಡೆದರೆ 2003ರಲ್ಲಿ ಆರಂಭವಾದ 'ಪಿಜ್ಜಾರಿಯುಂ' ಸಿಗುತ್ತದೆ. ಪಿಜ್ಜಾವನ್ನು ಕತ್ತರಿಯಲ್ಲಿ ಕತ್ತರಿಸಿ ತೂಕಕ್ಕೆ ಮಾರುತ್ತಾರೆ. ಎಷ್ಟು ಬೇಕೆಂದು ಕೈಯಲ್ಲಿ ತೋರಿಸಿದರೆ ಸಾಕು.

2025ರ ಏಪ್ರಿಲ್‌ನಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರ ಸಮಾಧಿಯಿರುವ ಸಂತ ಮೇರಿ ಮೇಜರ್ ಮಹಾದೇವಾಲಯಕ್ಕೆ ಹೋದವರು, 1916ರಿಂದ ಇರುವ 'ರೆಗೋಲಿ' ಬೇಕರಿಗೆ ನಡೆದು ಹೋಗಬಹುದು. ಅಲ್ಲಿ ಮರಿತೋತ್ಸೊ ಎಂಬ ಬನ್ ಸಿಗುತ್ತದೆ. ಒಣದ್ರಾಕ್ಷಿ ಹಾಕಿದ ಈ ಬನ್ ಹಿಂದೆ ತಪಸ್ಸು ಕಾಲದಲ್ಲಿ ತಿನ್ನಲು ಅನುಮತಿಯಿದ್ದ ಸಿಹಿಯಾಗಿತ್ತು. ಈಗ ಅದರೊಳಗೆ ಕೆನೆ ತುಂಬಿ ವರ್ಷವಿಡೀ ಮಾರುತ್ತಾರೆ.

ಯಾತ್ರಿಕರ ಗಮನಕ್ಕೆ

* ಮಧ್ಯಾಹ್ನದ ಊಟ ಸುಮಾರು 12.30ರಿಂದ 3ರವರೆಗೆ, ರಾತ್ರಿಯದು 7.30ರ ನಂತರ. ನಡುವೆ ಅನೇಕ ಊಟದ ಮನೆಗಳು ಮುಚ್ಚಿರುತ್ತವೆ.
* ಪ್ರತಿ ಮನೆಗೂ ವಾರದಲ್ಲಿ ಒಂದು ರಜೆಯಿರುವುದು ಸಾಮಾನ್ಯ. ಆಗಸ್ಟ್ 15ರ ಸ್ವರ್ಗಾರೋಹಣ ಹಬ್ಬದ ಆಸುಪಾಸು ಬಹಳಷ್ಟು ಮನೆಗಳು ಮುಚ್ಚುತ್ತವೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ.
* ರೋಮ್ ಇರುವ ಲಾತ್ಸಿಯೊ ಪ್ರಾಂತ್ಯದಲ್ಲಿ ಮೇಜಿಗೆ ಕುಳಿತದ್ದಕ್ಕೆಂದು ಶುಲ್ಕ ಪಡೆಯುವುದನ್ನು 2006ರ ಕಾನೂನು ನಿಷೇಧಿಸಿದೆ. ಬ್ರೆಡ್ಡಿಗೆ ಹಣ ಪಡೆಯಬಹುದು. ಬೇಡವಾದರೆ ಬ್ರೆಡ್ಡನ್ನು ಮೊದಲೇ ಹಿಂದಿರುಗಿಸಿ.
* ಕಾಫಿಯನ್ನು ನಿಂತು ಕುಡಿದರೆ ಅಗ್ಗ. ಕುಳಿತರೆ ಬೆಲೆ ಏರುತ್ತದೆ.
* ಬೀದಿಬದಿಯಲ್ಲಿ ಸದಾ ಹರಿಯುವ ಕಬ್ಬಿಣದ ನಲ್ಲಿಗಳನ್ನು 1874ರಿಂದ ನಿಲ್ಲಿಸಲಾಗಿದೆ. ನೀರು ಶುದ್ಧ, ಉಚಿತ. ಬಾಟಲಿ ಜೊತೆಗಿರಲಿ.
* ಸಸ್ಯಾಹಾರಿಗಳು ಗಮನಿಸಿ: ಪುಂತಾರೆಲ್ಲೆ ಎಂಬ ಎಲೆಯ ಸಲಾಡಿನಲ್ಲಿ ಸಣ್ಣ ಮೀನು ಅರೆದು ಹಾಕಿರುತ್ತಾರೆ.

ಕೊನೆಯ ಮಾತು

ಟ್ರಾಸ್ಟೆವೆರೆಯ ಸಂತ ಮೇರಿ ಮಹಾದೇವಾಲಯದ ಬಗ್ಗೆ ಹೇಳದೆ ಈ ಲೇಖನ ಮುಗಿಯದು. 1982ರ ಕ್ರಿಸ್ಮಸ್ ದಿನ ಸಂತ ಎಜಿದಿಯೊ ಸಮುದಾಯದವರು ಈ ದೇವಾಲಯದೊಳಗೇ ಮೇಜು ಹಾಕಿ ಸುಮಾರು 20 ಮಂದಿ ಬಡವರಿಗೆ ಊಟ ಬಡಿಸಿದರು. ಆ ಪದ್ಧತಿ ಮುಂದುವರಿದು ಇಂದು ಅನೇಕ ದೇಶಗಳಿಗೆ ಹರಡಿದೆ. ಒಂದು ಕಾಲದಲ್ಲಿ ಬಾಲ, ಬೋಟಿ ಮಾತ್ರ ಪಡೆದವರನ್ನು ಅಲ್ಲಿ ಅತಿಥಿಗಳಂತೆ ಕೂರಿಸಿ ಬಡಿಸುತ್ತಾರೆ.

ರೋಮಿಗೆ ಹೋದವರು ಒಂದು ಹೊತ್ತಾದರೂ ಈ ಬೀದಿಗಳಲ್ಲಿ ಕುಳಿತು ಉಣ್ಣಲಿ ಎಂಬುದು ನಮ್ಮ ಆಶಯ. ಖರ್ಚು ಉಳಿಯುತ್ತದೆ ಎಂಬುದಕ್ಕಷ್ಟೇ ಅಲ್ಲ. ಮಹಾದೇವಾಲಯಗಳನ್ನು ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ. ಕಲ್ಲು ಹೊತ್ತವರ, ಕುರಿ ಮೇಯಿಸಿದವರ, ಗೋಡೆಯೊಳಗೆ ನೊಂದವರ ನೆನಪು ಈ ತಟ್ಟೆಗಳಲ್ಲಿ ಉಳಿದಿದೆ. ಉಣ್ಣುವ ಮೊದಲು ಹೇಳುವ ಪ್ರಾರ್ಥನೆಯಲ್ಲಿ ಅವರನ್ನೂ ಸ್ಮರಿಸೋಣ. ಎಲ್ಲ ಯಾತ್ರಿಕರಿಗೆ ಶುಭ ಪ್ರಯಾಣ.