ನೋಂಪಿ, ನೋಂಬು, ನೋಮು: ಮಾರಿಕುಪ್ಪಂ ಪ್ರಾಂತದ ಕೇದಾರಗೌರೀವ್ರತದ ಚಾರಿತ್ರಿಕ ಹಿನ್ನೆಲೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅಗೆದ ಆಳವನ್ನೂ ತೆಗೆದ ಚಿನ್ನದ ತೂಕವನ್ನೂ ಪ್ರಧಾನವಾಗಿ ಗಣಿಸಿದ್ದಾರೆ. ಗಣಿಗೆ ಇಳಿದವರ ಮನೆಗಳಲ್ಲಿ ಸ್ತ್ರೀಯರು ಆಚರಿಸಿದ ವ್ರತನಿಯಮಗಳು ಚರಿತ್ರೆಯ ಆಕರಗಳೆಂದು ಪರಿಗಣಿತವಾದುದು ಅಪೂರ್ವ. ಗಣಿ ಪ್ರದೇಶದ ದಕ್ಷಿಣದ ಅಂಚಿನಲ್ಲಿರುವ ಮಾರಿಕುಪ್ಪಂ, ಕನ್ನಡ, ತಮಿಳು, ತೆಲುಗು ಈ ಮೂರು ಭಾಷೆಗಳೂ ಕೂಡುವ ಸ್ಥಳ. ದೀಪಾವಳಿಯ ಅಮಾವಾಸ್ಯೆಯಂದು ಈ ಪ್ರಾಂತದ ಸುಮಂಗಲಿಯರು ಉಪವಾಸವಿದ್ದು ನಡೆಸುವ ಕೇದಾರಗೌರೀವ್ರತವು ಇಲ್ಲಿಯ ಜನಜೀವನದ ಮೇಲೆ ಯಾವ ಬೆಳಕನ್ನು ಬೀರುತ್ತದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರನ್ನು ವಿಚಾರಿಸೋಣ. ಈ ವ್ರತಕ್ಕೆ ತಮಿಳರು ನೋಂಬು ಎಂದೂ, ತೆಲುಗರೂ ಕೋಲಾರ ಸೀಮೆಯ ಕನ್ನಡಿಗರೂ ನೋಮು ಎಂದೂ ಹೇಳುತ್ತಾರೆ. ಹಳಗನ್ನಡದ ರೂಪ ನೋಂಪಿ. ಇವೆಲ್ಲವೂ ಒಂದೇ ದ್ರಾವಿಡ ಧಾತುವಿನಿಂದ ಹುಟ್ಟಿದವು. ತಮಿಳಿನಲ್ಲಿ ಆ ಧಾತುವಿಗೆ ಸಹಿಸು, ತಾಳು ಎಂಬ ಅರ್ಥವೂ ಉಂಟು. ಶ್ರವಣಬೆಳಗೊಳದ ಪ್ರಾಚೀನ ನಿಸಿದಿ ಶಾಸನಗಳಲ್ಲಿ, ಆಹಾರವನ್ನು ತ್ಯಜಿಸಿ ದೇಹವನ್ನು ಬಿಟ್ಟವರ ವಿಷಯದಲ್ಲಿ 'ನೋಂತು' ಎಂಬ ಪದವೇ ಪ್ರಯುಕ್ತವಾಗಿದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಗೆ ಜೀವದಯಾಷ್ಟಮಿಯ ನೋಂಪಿಯೊಡನೆ ಸಂಬಂಧವುಂಟು. ಮೂಡಬಿದಿರೆಯಲ್ಲಿ ಉಳಿದುಬಂದ ಧವಲಾ ಗ್ರಂಥದ ತಾಳೆಗರಿಯ ಪ್ರತಿಯು ದೇಮಿಯಕ್ಕನೆಂಬ ಸ್ತ್ರೀಯು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ ಮಾಡಿದ ದಾನ. ಆದುದರಿಂದ ಈ ಪದವು ಒಂದು ಮತಕ್ಕೆ ಮೀಸಲಾದುದಲ್ಲ. ನಿಯಮದಿಂದ ದೇಹವನ್ನು ದಂಡಿಸಿ ಫಲವನ್ನು ಪಡೆಯುವ ಸಂಕಲ್ಪಕ್ಕೆ ದಕ್ಷಿಣದೇಶದವರು ಇಟ್ಟ ಸಾಮಾನ್ಯನಾಮವೆಂಬುದು ಸ್ಪಷ್ಟ.

ವ್ರತದ ಕಥೆ ಪ್ರಸಿದ್ಧವಾದುದೇ. ಭೃಂಗಿ ಋಷಿಯು ಪಾರ್ವತಿಯನ್ನು ಬಿಟ್ಟು ಶಿವನೊಬ್ಬನಿಗೇ ಪ್ರದಕ್ಷಿಣೆ ಮಾಡುತ್ತಾನೆ. ಇದರಿಂದ ನೊಂದ ದೇವಿಯು ಕೈಲಾಸವನ್ನು ತ್ಯಜಿಸಿ ಗೌತಮರ ಆಶ್ರಮಕ್ಕೆ ಬಂದು, ಅವರ ಉಪದೇಶದಂತೆ ಇಪ್ಪತ್ತೊಂದು ದಿನಗಳ ವ್ರತವನ್ನಾಚರಿಸಿ, ಶಿವನ ಅರ್ಧಶರೀರವನ್ನು ಪಡೆಯುತ್ತಾಳೆ. ಆಶ್ವಯುಜ ಶುದ್ಧ ದಶಮಿಯಿಂದ ಅಮಾವಾಸ್ಯೆಯವರೆಗೆ ಎಣಿಸಿದರೆ ಶುಕ್ಲಪಕ್ಷದ ಆರು, ಕೃಷ್ಣಪಕ್ಷದ ಹದಿನೈದು, ಒಟ್ಟು 21 ತಿಥಿಗಳಾಗುತ್ತವೆ. ಇದಕ್ಕೆ ಸರಿಯಾಗಿ ಇಪ್ಪತ್ತೊಂದು ಎಳೆಯ ದಾರ, ಇಪ್ಪತ್ತೊಂದು ಗಂಟು, ಇಪ್ಪತ್ತೊಂದು ಕಜ್ಜಾಯ. ಈಗ ಬಹುಮಂದಿ ಅಮಾವಾಸ್ಯೆಯ ಒಂದು ದಿನ ಮಾತ್ರ ಉಪವಾಸವಿರುತ್ತಾರೆ. ಸಂಖ್ಯೆ ಮಾತ್ರ ದಾರದಲ್ಲಿಯೂ ನೈವೇದ್ಯದಲ್ಲಿಯೂ ಉಳಿದಿದೆ. ಕೆಲವು ತಮಿಳು ಮನೆಗಳಲ್ಲಿ ಅರೆಯುವ ಗುಂಡುಕಲ್ಲಿಗೇ ಅರಿಸಿನ ಬಳಿದು ದೇವಿಯನ್ನಾಗಿ ಪೂಜಿಸುವುದುಂಟು.

ಇಲ್ಲಿ ಗಮನಾರ್ಹವಾದುದು ವ್ರತದ ಫಲ. ಸಾವಿತ್ರೀವ್ರತದಲ್ಲಿ ಪತಿಯ ಪ್ರಾಣವೇ ಪ್ರಾರ್ಥಿತವಾದರೆ, ಇಲ್ಲಿ ಸತಿಯು ಬೇಡುವುದು ಸಮಭಾಗವನ್ನು. ಅನಾದರಕ್ಕೆ ಗುರಿಯಾದ ಹೆಂಡತಿಯು ಮನೆಯನ್ನು ತೊರೆದು, ತಪಸ್ಸಿನಿಂದ ತನ್ನ ಪಾಲನ್ನು ಪಡೆದು ಹಿಂದಿರುಗಿದುದು ಕಥೆಯ ಸಾರ.

ಇನ್ನು ಮಾರಿಕುಪ್ಪಂನ ವಿಷಯ. 1875ರಲ್ಲಿ ಮೈಕೇಲ್ ಲವೆಲ್ ಎಂಬಾತನಿಗೆ ಗಣಿಗಾರಿಕೆಯ ಹಕ್ಕು ದೊರೆಯಿತು. 1880ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಕೆಲಸ ವೃದ್ಧಿಯಾಯಿತು. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗಿನ ರೈಲುಮಾರ್ಗವು 1894ರಲ್ಲಿ ತೆರೆಯಿತು. 1891ರಲ್ಲಿ ಸುಮಾರು 7 ಸಾವಿರವಿದ್ದ ಗಣಿ ಪ್ರದೇಶದ ಜನಸಂಖ್ಯೆ 1901ರ ವೇಳೆಗೆ 38 ಸಾವಿರವನ್ನು ಮೀರಿತು. ಉತ್ತರ ಆರ್ಕಾಟು ಮೊದಲಾದ ತಮಿಳು ಜಿಲ್ಲೆಗಳಿಂದಲೂ ತೆಲುಗು ಸೀಮೆಯಿಂದಲೂ ಬಂದ ಈ ಜನರಲ್ಲಿ ಬಹುಭಾಗ ಭೂಮಿಯಿಲ್ಲದ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಕುಲಗಳವರು. ಊರಿನ ಗುಡಿಯನ್ನು ಹೊತ್ತು ತರುವುದು ಅಸಾಧ್ಯ, ದಾರವನ್ನು ತರಬಹುದು. ನೋಮು ಅತ್ತೆಯಿಂದ ಸೊಸೆಗೆ ಇಳಿಯುವ ಮನೆತನದ ವ್ರತವಾದುದರಿಂದ, ವಲಸೆ ಬಂದ ಕುಟುಂಬಕ್ಕೆ ಅದು ತನ್ನ ಮೂಲದೊಡನೆ ಉಳಿದ ಒಂದು ಸಂಬಂಧವಾಯಿತೆಂದು ಊಹಿಸಬಹುದು. ಬಂಡೆ ಸಿಡಿದು ಮರಣ, ಧೂಳಿನಿಂದ ಸಿಲಿಕೋಸಿಸ್ ರೋಗ, ಇವು ಗಣಿಯಲ್ಲಿ ನಿತ್ಯದ ಭಯಗಳು. ಚಿನ್ನವನ್ನು ಅಗೆಯುವವನ ಹೆಂಡತಿಯು ಆ ದಿನ ಕೈಗೆ ಕಟ್ಟಿಕೊಳ್ಳುವುದು ನೂಲಿನ ದಾರ ಎಂಬುದು ವಿಚಾರಾರ್ಹ.

ಆದರೆ ಈ ಆಚರಣೆಯು ಪ್ರಶ್ನೆಗೆ ಒಳಗಾಗದೆ ನಡೆದುಬಂದಿತೆಂದು ಭಾವಿಸಲಾಗದು. ಅಯೋತ್ತಿದಾಸ ಪಂಡಿತರು 1898ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆಯಿದ್ದಿತು. 1907ರಲ್ಲಿ ಆರಂಭವಾದ ಅವರ 'ತಮಿಳನ್' ಪತ್ರಿಕೆಗೆ ಗಣಿ ಪ್ರದೇಶದಲ್ಲಿ ಓದುಗರಿದ್ದರು. ದೀಪಾವಳಿಯ ಪುರಾಣಕಥೆಯನ್ನು ಅವರು ನಿರಾಕರಿಸಿ, ಅದು ಎಳ್ಳೆಣ್ಣೆಯ ಶೋಧಕ್ಕೆ ಸಂಬಂಧಿಸಿದ ಬೌದ್ಧಪರ್ವವೆಂದು ವ್ಯಾಖ್ಯಾನಿಸಿದರು. ಜಾತಿಭೇದವನ್ನು ಸಮರ್ಥಿಸಿದ ಪುರಾಣಗಳು ತಮ್ಮವಲ್ಲವೆಂಬ ಈ ವಾದ ನ್ಯಾಯಯುತವಾದುದು. ನೋಂಪಿಯ ದಾರವನ್ನು ಬಿಡದ ಸ್ತ್ರೀಯರನ್ನು ಇದರಿಂದ ಕೇವಲ ಅಂಧಾನುಕರಣೆಯವರೆಂದು ತೀರ್ಮಾನಿಸುವುದೂ ಸರಿಯಲ್ಲ. ಅವರ ಪಾಲಿಗೆ ವ್ರತವು ಶಾಸ್ತ್ರಕ್ಕಿಂತ ಹೆಚ್ಚಾಗಿ ಮನೆತನದ ಸ್ವತ್ತಾಗಿದ್ದಿತು.

ಗಣಿಗಳು 1956ರಲ್ಲಿ ಸರ್ಕಾರದ ವಶವಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಮಾರಿಕುಪ್ಪಂನಿಂದ ಹೊರಡುವ ರೈಲು ಈಗ ಕೆಲಸಗಾರರನ್ನು ಬೆಂಗಳೂರಿಗೆ ಒಯ್ಯುತ್ತದೆ. ಗಣಿಯ ಅಪಾಯ ಕಳೆದ ಮೇಲೂ ನೋಮು ನಿಂತಿಲ್ಲ. ಪತಿಯ ಆಯುಸ್ಸಿನ ಭಯವೊಂದೇ ಇದರ ಮೂಲವಲ್ಲವೆಂಬುದಕ್ಕೆ ಇದು ಸಾಕಷ್ಟು ಪ್ರಮಾಣ. ಸುಮಾರು 800 ಟನ್ ಚಿನ್ನವನ್ನು ಕೊಟ್ಟ ನೆಲದ ಚರಿತ್ರೆಯಲ್ಲಿ ಈ ಇಪ್ಪತ್ತೊಂದು ಎಳೆಯ ದಾರಕ್ಕೂ ಸ್ಥಾನವಿರತಕ್ಕದ್ದು. ಇದನ್ನು ನೋನುವ ಹಿರಿಯ ಸ್ತ್ರೀಯರ ಮಾತುಗಳನ್ನು ಮೂರು ಭಾಷೆಗಳಲ್ಲಿಯೂ ಸಂಗ್ರಹಿಸುವುದು ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಬೇಕಾದ ಕೆಲಸವಾಗಿದೆ.